ಗರಾಜಿನ ಫ್ರಿಜ್ಜಿನಲ್ಲಿ ಕಮ್ಮಿ ಮಳೆ

ಓದಿದವರ ಮನೆಯಲ್ಲಿ ಸುಳ್ಳು ಎಷ್ಟು ಸಲೀಸಾಗಿ ಹುಟ್ಟುತ್ತದೆ ಎಂಬುದನ್ನು ಕಳೆದ ವರ್ಷ ವರಮಹಾಲಕ್ಷ್ಮಿ ಹಬ್ಬದ ಮರುದಿನ ನೋಡಿದೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಟೆಕ್ಸಸ್ಸಿನ ಪ್ರಾಸ್ಪರ್‌ನ ನಮ್ಮ ಮನೆಯ ಗರಾಜಿನಲ್ಲಿ, ಇಲ್ಲಿನ ಎಲ್ಲ ಕನ್ನಡಿಗರ ಹಾಗೆ, ನಾವೂ ಎರಡನೇ ಫ್ರಿಜ್ ಇಟ್ಟಿದ್ದೇವೆ. ದೋಸೆಹಿಟ್ಟಿನಿಂದ ಹಿಡಿದು ಉಳಿದ ಪುಳಿಯೋಗರೆಯವರೆಗೆ ಎಲ್ಲವೂ ಅದರೊಳಗೇ. ಆ ಬೇಸಿಗೆ ಅದರಲ್ಲಿ ಮಗಳ ಮಣ್ಣೂ ಇತ್ತು. ಆಸ್ಟಿನ್‌ನಲ್ಲಿ ಪಿಎಚ್‌ಡಿ ಮಾಡುವ ಅವಳು ಕೊಲರಾಡೋದ ಎತ್ತರದ ಬೆಟ್ಟಗಳ ಜೌಗಿನಿಂದ ಅಗೆದು ತಂದದ್ದು. ಲ್ಯಾಬಿನ ಕೋಲ್ಡ್ ರೂಮ್ ರಿಪೇರಿ ಆಗುವ ತನಕ ಇಲ್ಲಿಟ್ಟು, ಮತ್ತೆ ಬೆಟ್ಟಕ್ಕೆ ಹೋಗಿದ್ದಳು. ಆ ಮಣ್ಣಿನ ಸೂಕ್ಷ್ಮಜೀವಿಗಳು ಗಾಳಿಯ ಇಂಗಾಲವನ್ನು ಎಳೆದು ನೆಲದಲ್ಲಿ ಹಿಡಿದಿಡುತ್ತವೆ. ಮಳೆ ಏರುಪೇರಾದರೆ ಅವು ಏನಾಗುತ್ತವೆ ಎಂಬುದು ಅವಳ ಪ್ರಶ್ನೆ. ಅದಕ್ಕೇ ಟ್ರೇಗಳ ಮೇಲೆ ಚೀಟಿ: ಕಮ್ಮಿ ಮಳೆ, ಮಾಮೂಲು ಮಳೆ, ಜಾಸ್ತಿ ಮಳೆ. ದಿನಾ ತೂಗಿ, ಅವಳು ಹೇಳಿದಷ್ಟೇ ನೀರು ಚಿಮುಕಿಸುವುದು ನನ್ನ ಕೆಲಸ. ಆಸ್ಪತ್ರೆಯ ಲ್ಯಾಬಿನಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವಳಿಗೆ ಇದೇನು ಕಷ್ಟ?

ಕಲಶ ಕದಲಿಸಿದ ಮೇಲೆ ಆ ನೀರನ್ನು ತುಳಿಯುವ ಜಾಗದಲ್ಲಿ ಚೆಲ್ಲುವಂತಿಲ್ಲ. ನಮ್ಮ ತುಳಸಿ ಬಿಸಿಲಿಗೆ ಒಣಗಿಹೋಗಿತ್ತು, ಲಾನಿಗೆಲ್ಲ ಕಳೆನಾಶಕ ಹೊಡೆಸಿದ್ದೆವು. ಹುಬ್ಬಳ್ಳಿ ಕಡೆಯ ಗೆಳತಿ, ನನ್ನ ಆಸ್ಪತ್ರೆಯಲ್ಲೇ ಮಕ್ಕಳ ಡಾಕ್ಟರಾಗಿ ರಿಟೈರ್ ಆದವಳು, ಕಲಶದ ನೀರಿನ ತಂಬಿಗೆ ಹಿಡಿದುಕೊಂಡೇ ಮಜ್ಜಿಗೆ ತರಲು ಗರಾಜಿಗೆ ಹೋದಳು. ಫ್ರಿಜ್ ತೆರೆದರೆ ಕಮ್ಮಿ ಮಳೆಯ ಟ್ರೇಗಳಲ್ಲಿ ಬಿರುಕು ಬಿಟ್ಟ ಮಣ್ಣು. ತಂಬಿಗೆ ಪೂರ್ತಿ ಬಗ್ಗಿಸಿದಳು.

“ಬಾಯಿ ಬಿಟ್ಟು ಒಣಗಿತ್ತು ನೋಡವಾ, ಪಾಪ ಅನಿಸ್ತು. ಲಕ್ಷ್ಮಿ ನೀರು, ಛಲೋನ ಆಗ್ತದ,” ಎಂದಳು.

ಅವಳ ಮೇಲೆ ಬಂದ ಸಿಟ್ಟು ಉಕ್ಕಿದ ಹಾಲಿನಂತೆ ಇಳಿಯಿತು. ಕೆಡಿಸಬೇಕೆಂದು ಮಾಡಿದ್ದಲ್ಲ. ಪಿತ್ತ ನೆತ್ತಿಗೇರಿದ್ದು ಆಮೇಲೆ, ನನ್ನ ಗಂಡ ಬಾಯಿ ತೆರೆದಾಗ.

“ಅದಕ್ಯಾಕೆ ಕೂಗಾಡ್ತೀಯ? ಫ್ಯಾನ್ ಹಾಕಿದ್ರೆ ಆರುತ್ತೆ, ತೂಕ ಮೊದಲಿನಷ್ಟೇ ಬರುತ್ತೆ. ಅವಳಿಗೆ ಹೇಳೋದೇ ಬೇಡ.”

“ಖರೇ ಹೇಳಿದ್ರಿ,” ಎಂದಳು ಗೆಳತಿ. “ಹುಡುಗಿಗೆ ಸುಮ್ನ ಯಾಕ ಟೆನ್ಶನ್? ಮಣ್ಣ ಅಲ್ಲೇನ್ರಿ.”

ಬರೀ ಮಣ್ಣಂತೆ! ಒಣಗಿದ ನೆಲಕ್ಕೆ ಒಮ್ಮೆಲೇ ನೀರು ಬಿದ್ದರೆ ಒಳಗಿನ ಜೀವಗಳು ಎಚ್ಚೆತ್ತು, ಕೂಡಿಟ್ಟ ಇಂಗಾಲವನ್ನು ಉಸಿರಾಗಿ ಬಿಟ್ಟುಬಿಡುತ್ತವೆ ಎಂದು ಮಗಳು ನಮ್ಮ ಊಟದ ಮೇಜಿನಲ್ಲೇ ಹೇಳಿದ್ದಳು. ಆಗ ಇಬ್ಬರೂ ತಲೆಯಾಡಿಸಿದ್ದರು. ತೂಕ ವಾಪಸ್ ಬಂದೀತು, ಹೋದದ್ದು ಬಂದೀತೇ? ರಕ್ತದ ಸ್ಯಾಂಪಲ್ ಕೆಟ್ಟಾಗ ನಾನು ರಿಪೋರ್ಟ್ ತಿದ್ದಿದ್ದರೆ ಇವಳೇ ನನ್ನ ಜನ್ಮ ಜಾಲಾಡುತ್ತಿದ್ದಳು. ಸೇತುವೆಗೆ ಕಬ್ಬಿಣ ಕಮ್ಮಿ ಹಾಕಿ ಎಂದಿದ್ದರೆ ಎಂಜಿನಿಯರ್ ಗಂಡ ರಾಜೀನಾಮೆ ಬಿಸಾಕುತ್ತಿದ್ದರು. ಮನೆ ಹುಡುಗಿಯ ಕೆಲಸಕ್ಕೆ, ಕಣ್ಣಿಗೆ ಕಾಣದ ಜೀವಕ್ಕೆ ಮಾತ್ರ ಸತ್ಯ ಬೇಡ.

ಗಂಡ ಆಗಲೇ ಟ್ರೇಗಳನ್ನು ಹೊರಗಿಟ್ಟು ಫ್ಯಾನ್ ಹಾಕಿದ್ದರು. ಅಲ್ಲೇ ನಿಂತು ಮಗಳಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ನಡೆದದ್ದನ್ನೂ ಇವರ ಉಪಾಯವನ್ನೂ ಹೇಳಿದೆ. ಕಮ್ಮಿ ಮಳೆಯ ಟ್ರೇಗಳು ಹೋದವು, ಮೊದಲಿನಿಂದ ಶುರು ಮಾಡಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನನಗೆ ಅಳು ಬಂತು.

“ತೂಕ ಸರಿಹೋಗಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ ಅಪ್ಪ,” ಎಂದಳು ಆಮೇಲೆ. “ಆ ಸುಳ್ಳಿನ ಕೆಳಗೆ ನನ್ನ ಹೆಸರಿರುತ್ತಿತ್ತು.”

ಗೆಳತಿ ಖಾಲಿ ತಂಬಿಗೆ ಹಿಡಿದು ನಿಂತಿದ್ದಳು. ಗಂಡ ಹೋಗಿ ಫ್ಯಾನ್ ಆರಿಸಿದರು.