ಫೋರ್ಸ್ ಪುಷ್‌ಗೊಂದು ಹೋಲ್ಡಾನ್

ನಿವೃತ್ತಿಗೆ ಎರಡು ವರ್ಷವಿದ್ದಾಗ, ಗರುಡಾಚಾರ್‌ಪಾಳ್ಯದ ಆಫೀಸಿನಲ್ಲಿ ನಾನು ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಕಲಿತೆ ನೋಡಿ! ಒಂದು ದಿನ ನನ್ನ ಬ್ರಾಂಚನ್ನು, ಅಂದರೆ ನನ್ನ ಕೆಲಸದ ಕವಲನ್ನು, ರೀಬೇಸ್ ಮಾಡಿ, ಕಮಿಟ್‌ಗಳನ್ನೆಲ್ಲ (ಉಳಿಸಿಟ್ಟ ಬದಲಾವಣೆಗಳನ್ನೆಲ್ಲ) ಹೊಸದಾಗಿ ಜೋಡಿಸಿದೆ. ಸರ್ವರಿನಲ್ಲಿದ್ದದ್ದು ಹಳೇ ಜೋಡಣೆ. ಹಾಗಾಗಿ ಹೊಸದನ್ನು ಅಲ್ಲಿಗೆ ಕಳಿಸಲು ಪುಷ್ ಮಾಡಿದರೆ ಸರ್ವರ್ ಒಪ್ಪಲಿಲ್ಲ.

"ಫೋರ್ಸ್ ಮಾಡ್ಬಿಡ್ತೀನಿ!" ಎಂದು, ಅಲ್ಲಿದ್ದದ್ದನ್ನು ಅಳಿಸಿ ನನ್ನದನ್ನೇ ಕೂರಿಸಲು ಬೆರಳೆತ್ತಿದೆ.

"ಹೋಲ್ಡಾನ್!" ಶಿವಾಜಿನಗರದಿಂದ ದಿನಾ ಬಸ್ಸಲ್ಲಿ ಬರುತ್ತಿದ್ದ ಸಹೋದ್ಯೋಗಿ ನಸ್ರೀನ್ ಥೇಟ್ ಬಸ್ಸು ನಿಲ್ಲಿಸೋ ಕಂಡಕ್ಟರ್ ಥರ ಕೂಗಿದಳು. "ಬೆಳಿಗ್ಗೆ ನಿಮ್ಮ ಬ್ರಾಂಚಿಗೇ ನನ್ನ ಕೆಲಸನೂ ಹಾಕಿದ್ದೀನಿ ಸಾರ್. ಫೋರ್ಸ್ ಮಾಡಿದ್ರೆ ಅಳಿಸಿಹೋಗತ್ತೆ! ಮೊದ್ಲು ನನ್ನನ್ನ ಹತ್ತಿಸ್ಕೊಳ್ಳಿ."

ಸರ್ವರಿನಲ್ಲಿದ್ದದ್ದನ್ನು ಫೆಚ್ ಮಾಡಿ ಇಳಿಸಿಕೊಂಡು, ಅವಳ ಕಮಿಟನ್ನು ನನ್ನದರ ಮೇಲೆ ಕೂರಿಸಿದೆ.

"ರೈಟ್ ರೈಟ್!" ಅಂದಳು. ಆಮೇಲೆ ಫೋರ್ಸ್ ಮಾಡಿದೆ. ನನ್ನ ಕಂಪ್ಯೂಟರು, ಸರ್ವರು ಎರಡೂ ಕಡೆ ಒಂದೇ ಆಯಿತು.

ಅಂದಿನಿಂದ ಆಫೀಸಿನಲ್ಲಿ ಯಾರೂ 'ರೈಟ್' ಕೇಳದೆ ಫೋರ್ಸ್ ಮಾಡಲಿಲ್ಲ. ರಸ್ತೆಯ ಬಸ್ಸು ಮಾತ್ರ ನನ್ನ ಹೋಲ್ಡಾನ್‌ಗೆ ಇವತ್ತಿಗೂ ನಿಲ್ಲೋದಿಲ್ಲ!