ಬೀಗರೂ ರಬ್ಬರು ಕಪ್ಪೆಯೂ

ಈ ಬೆಳಿಗ್ಗೆ ಕಪಾಟು ತೆರೆದಾಗ ನನ್ನ ಸೀರೆಗಳ ನಡುವಿನಿಂದ ಸೋಂಪಿನ ವಾಸನೆ ಬಂತು. ಹೋಟೆಲಿನಲ್ಲಿ ಬಿಲ್ಲಿನ ಜೊತೆ ತಟ್ಟೆಯಲ್ಲಿಟ್ಟು ಕೊಡುತ್ತಾರಲ್ಲ, ಅದೇ ಸೋಂಪು. ಸೀರೆಯ ಅಡಿಯಲ್ಲಿ ಸೋಂಪು ಇಡುವಷ್ಟು ರಸಿಕಳು ನಾನಲ್ಲ. ಅದು ನನ್ನ ಗಂಡ ದುಬಾಯಿಯಿಂದ ತಂದ ಗಾಳದ ಪೆಟ್ಟಿಗೆಯದ್ದು. ಒಳಗೆ ರಬ್ಬರಿನ ಹುಳ, ರಬ್ಬರಿನ ಕಪ್ಪೆ, ಪ್ಲಾಸ್ಟಿಕ್ಕಿನ ಪುಟ್ಟ ಮೀನು, ನೀರಲ್ಲಿ ಗಿರಗಿರ ತಿರುಗುವ ತಗಡು. ಸೋಂಪಿನ ವಾಸನೆ ಮೀನಿಗೆ ಬಹಳ ಇಷ್ಟವಂತೆ. ಊಟಕ್ಕೆ ಮೊದಲೇ ಸೋಂಪು ಬಯಸುವ ಪ್ರಾಣಿಯ ಬುದ್ಧಿಯ ಬಗ್ಗೆ ನನಗೆ ಅನುಮಾನವಿದೆ. ಆದರೆ ಮೀನು ಹಿಡಿಯುವವರ ಬುದ್ಧಿಯ ಬಗ್ಗೆ ಅದಕ್ಕಿಂತ ಹೆಚ್ಚು ತಿಳಿದಿರುವುದರಿಂದ ಸುಮ್ಮನಿದ್ದೇನೆ.

ಪೆಟ್ಟಿಗೆಗಾಗಿ ಜಗಲಿಯಲ್ಲಿ ಕಾದು ನಿಂತವರು ನನ್ನ ಮಾವ, ಅಂದರೆ ಗಂಡನ ತಂದೆ. ಕುಂಬ್ಡಾಜೆಯ ರಬ್ಬರು ಕೃಷಿಕರು. ಅವರನ್ನು ನೋಡಿದಾಗಲೆಲ್ಲ ನನಗೆ ಆ ಭಾನುವಾರದ ನೆನಪಾಗಿ ನಗು ಬರುತ್ತದೆ. ಆದರೆ ಅದಕ್ಕೆ ಮೊದಲು ನಿಮಗೆ ನಮ್ಮ ಮದುವೆಯ ಊಟದ ವಿಷಯ ಹೇಳಬೇಕು.

ನನ್ನ ಅಪ್ಪನದು ಉಪ್ಪಳದಲ್ಲಿ ಬಟ್ಟೆಯಂಗಡಿ. ಮದುವೆಯ ಮರುದಿನದ ಔತಣಕ್ಕೆ ದಕ್ಕೆಯಲ್ಲಿ ಬೋಟಿನಿಂದ ನೇರ ಇಳಿಸಿದ ಅಂಜಲ್ ಮೀನು ಎಂದು ಅವರು ಪಂಕ್ತಿಯುದ್ದಕ್ಕೂ ಹೇಳಿಕೊಂಡು ಓಡಾಡಿದ್ದರು. ಮಾವ ಒಂದು ತುಂಡು ಬಾಯಿಗಿಟ್ಟು, ಪಕ್ಕದವರಿಗೆ ಕೇಳುವಷ್ಟೇ ಮೆಲ್ಲಗೆ, ಇದಕ್ಕೆ ಐಸಿನ ರುಚಿ ಬಂದಿದೆ ಎಂದರು. ಪಕ್ಕದಲ್ಲಿ ನಿಂತಿದ್ದವರು ಅಪ್ಪ. ನಮ್ಮ ಕಡೆ ವರನ ಬಣ್ಣದ ಬಗ್ಗೆ ಮಾತಾಡಬಹುದು, ಚಿನ್ನದ ಬಗ್ಗೆ ಮಾತಾಡಬಹುದು. ಮೀನಿನ ಬಗ್ಗೆ ಆಡಬಾರದು.

ಅವರು ಜಗಳವಾಡಿದ್ದರೆ ಒಳ್ಳೆಯದಿತ್ತು. ಇಬ್ಬರೂ ಮರ್ಯಾದೆ ಶುರು ಮಾಡಿದರು. ಸಿಕ್ಕಿದಾಗ ಸೌಖ್ಯವಾ ಎಂದು ಒಬ್ಬರು, ಸೌಖ್ಯ ಎಂದು ಇನ್ನೊಬ್ಬರು. ಬಿಸಿಲುಂಟಲ್ಲ ಎಂದು ಇವರು, ಉಂಟು ಎಂದು ಅವರು. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಒಂದು ಲೋಟ ಮಜ್ಜಿಗೆಗಿಂತ ಹೆಚ್ಚು ಮುಟ್ಟುತ್ತಿರಲಿಲ್ಲ.

ಹೀಗಿರುವಾಗ ನಮ್ಮ ಮಗಳಿಗೆ ಮೊದಲ ಅನ್ನ ಉಣಿಸುವ ದಿನ ಬಂತು. ಇಬ್ಬರು ಅಜ್ಜಂದಿರೂ ಹಿಂದಿನ ದಿನ, ಭಾನುವಾರ ಬೆಳಿಗ್ಗೆ ಬೇಗನೇ, ಮಧೂರಿನ ನಮ್ಮ ಮನೆಗೆ ಬಂದರು. ಒಬ್ಬರು ಜಗಲಿಯ ಈ ತುದಿಯಲ್ಲಿ, ಇನ್ನೊಬ್ಬರು ಆ ತುದಿಯಲ್ಲಿ ಕೂತು, ಒಂದೇ ಪೇಪರನ್ನು ಅರ್ಧರ್ಧ ಓದಿದರು. ನಾಳೆ ಒಂದೇ ಎಲೆಯ ಮುಂದೆ ಇವರಿಬ್ಬರನ್ನು ಕೂರಿಸುವುದು ಹೇಗೆಂದು ನನಗೆ ಚಿಂತೆ. ರಜೆಯಲ್ಲಿ ಬಂದಿದ್ದ ನನ್ನ ಗಂಡ ಮಾತ್ರ ನಿಶ್ಚಿಂತರು. ಇದು ಮೀನ ತಿಂಗಳು, ಪಂಚಾಂಗವೇ ಅಪ್ಪಣೆ ಕೊಟ್ಟಿದೆ, ಇಬ್ಬರನ್ನೂ ಗಾಳಕ್ಕೆ ಕರೆದೊಯ್ಯೋಣ, ಅಲ್ಲಿ ಯಾರೂ ಮಾತಾಡಬೇಕಾಗಿಲ್ಲ ಎಂದರು. ಮಗುವನ್ನು ಅತ್ತೆಗೆ ಒಪ್ಪಿಸಿ, ಚಹದ ಫ್ಲಾಸ್ಕ್ ಹಿಡಿದು ನಾನೂ ಹೊರಟೆ.

ಹೊಳೆಯ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದರೆ ಮೇಲ್ಗಡೆ ನೀರು ನಿಂತು ಸರೋವರವಾಗುತ್ತದೆ. ಆ ದಿನಗಳಲ್ಲಿ ನೀರು ಎಷ್ಟು ತಿಳಿಯೆಂದರೆ ಮೀನು ನಮ್ಮನ್ನು ನೋಡಿ ಗುರುತು ಹಿಡಿಯಬಹುದು. ಬಿಸಿಲು ಏರುವವರೆಗೆ ಮಾತ್ರ ಆಸೆ. ಆಮೇಲೆ ವರಾಲು, ಅಂದರೆ ಹಾವಿನಂತೆ ತಲೆಯಿರುವ ಆ ದಪ್ಪ ಮೀನು, ತಾವರೆ ಎಲೆಗಳ ಅಡಿ ಸೇರಿಬಿಡುತ್ತದೆ. ಅದಕ್ಕೆ ಕಪ್ಪೆಯೇ ಆಗಬೇಕು, ಎಲೆಯ ಮೇಲಿಂದ ಮೆಲ್ಲಗೆ ಎಳೆಯಬೇಕು, ನಿಲ್ಲಿಸಬೇಕು, ಮತ್ತೆ ಎಳೆಯಬೇಕು ಎಂದು ನನ್ನ ಗಂಡ ಪಾಠ ಮಾಡಿದರು.

ಮಾವ ಕಂದು ಕಪ್ಪೆಯ ಹೊಟ್ಟೆ ಚಿವುಟಿ ನೋಡಿ, ಇದು ನಮ್ಮ ರಬ್ಬರಲ್ಲ ಎಂದರು. ಅಪ್ಪ ಅದರ ಬಾಲದ ಎಳೆಗಳನ್ನು ಬೆರಳಲ್ಲಿ ಉಜ್ಜಿ, ನೈಲಾನ್, ಬಣ್ಣ ಬಿಡುವುದಿಲ್ಲ ಎಂದರು. ಇಂಥ ಬಿಸಿಲಿಗೆ ಯಾವ ಗಿರಾಕಿಯೂ ಕಂದು ಬಣ್ಣ ಕೇಳುವುದಿಲ್ಲ, ಗಿಳಿ ಹಸಿರು ಕೊಡಿ ಎಂದೂ ಹೇಳಿದರು. ಮೀನು ಗಿರಾಕಿಯಲ್ಲ, ಕಂದೇ ಆಗಬೇಕು ಎಂದರು ಮಾವ. ಮದುವೆಯ ನಂತರ ಅವರಿಬ್ಬರ ನಡುವೆ ನಡೆದ ಮೊದಲ ನಿಜವಾದ ಸಂಭಾಷಣೆ ಇದು.

ಇನ್ನು ಮೊದಲು ಬೀಸುವವರು ಯಾರು? ನೀವು ಬೀಗರು, ನೀವೇ. ಛೆ, ಹಿರಿಯರು ನೀವು. ಗಾಳದ ಕೋಲು ಆರತಿ ತಟ್ಟೆಯಂತೆ ಅತ್ತಿತ್ತ ಹೋಗಿಬರುವಷ್ಟರಲ್ಲಿ ಬಿಸಿಲು ನೆತ್ತಿಗೇರುತ್ತಿತ್ತು. ಕೊನೆಗೆ ನನ್ನ ಗಂಡ ಹಸಿರು ಕಪ್ಪೆ ಕಟ್ಟಿ ಅದನ್ನು ಅಪ್ಪನ ಕೈಯಲ್ಲಿ ಒತ್ತಿ ಹಿಡಿಸಿದರು. ಅಪ್ಪ ಮೇಜಿನ ಮೇಲೆ ಬಟ್ಟೆಯ ಥಾನು ಬಿಚ್ಚುವ ಉತ್ಸಾಹದಲ್ಲಿ ಕೋಲನ್ನು ಹಿಂದಕ್ಕೆ ಎತ್ತಿ ಮುಂದಕ್ಕೆ ಬೀಸಿದರು. ಕೂಡಲೇ ದಾರ ಬಿಗಿಯಿತು. ದೊಡ್ಡದು ಸಿಕ್ಕಿದೆ ಎಂದು ಅಪ್ಪ ಕಾಲೂರಿ ಎಳೆಯತೊಡಗಿದರು. ನಾವೆಲ್ಲ ನೀರು ನೋಡಿದೆವು. ನೀರಿನಲ್ಲಿ ದಾರವೇ ಇರಲಿಲ್ಲ.

ಅಪ್ಪನ ಬೆನ್ನ ಹಿಂದೆ ಮಾವ ಸೊಂಟಕ್ಕೆ ಉಟ್ಟ ಮುಂಡನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಸಣ್ಣ ಸಣ್ಣ ಹೆಜ್ಜೆಯಲ್ಲಿ ಹಿಮ್ಮುಖವಾಗಿ ಬರುತ್ತಿದ್ದರು. ಎಷ್ಟೆಂದರೂ ಬೀಗರಲ್ಲವೇ, ಕೂಗಲಿಲ್ಲ.

"ಬೀಗರೇ, ನೀವು ಎಳೆಯುವುದು ನನ್ನನ್ನು" ಎಂದರು.

ಕಪ್ಪೆ ಮುಂಡಿನ ಹಿಂಭಾಗದಲ್ಲಿ ಎರಡೂ ಕೊಕ್ಕೆ ಊರಿ ಕೂತಿತ್ತು. ನನ್ನ ಗಂಡ ಕತ್ತರಿ ತಂದರು. ಅಪ್ಪ ಕತ್ತರಿ ಮುಟ್ಟಲು ಬಿಡಲಿಲ್ಲ. ಕನ್ನಡಕ ಹಾಕಿಕೊಂಡು ಮಾವನ ಹಿಂದೆ ಬಗ್ಗಿದವರು ಹಾಗೆಯೇ ನಿಂತುಬಿಟ್ಟರು.

"ಇದು ನಮ್ಮ ಅಂಗಡಿಯ ಅಂಚು. ಮದುವೆಗೆ ನಾನು ಕೊಟ್ಟದ್ದು."

"ಹೌದು. ಒಳ್ಳೆ ಬಟ್ಟೆ. ಎಲ್ಲಿಗಾದರೂ ಹೋಗುವುದಿದ್ದರೆ ಇದನ್ನೇ ಉಡುವುದು."

ಅಪ್ಪ ತುಸು ಹೊತ್ತು ಕೊಕ್ಕೆ ತಿರುಗಿಸಿದರು. ಆಮೇಲೆ ತಲೆಯೆತ್ತದೆ ಮುಂಡಿಗೇ ಹೇಳಿದರು: "ಅಂಜಲ್ ಐಸಿನದ್ದೇ ಬೀಗರೇ. ಆ ದಿನ ದಕ್ಕೆಗೆ ಬೋಟು ಬರಲಿಲ್ಲ."

ಮಾವ ನೀರು ನೋಡುತ್ತಾ ನಿಂತಿದ್ದರು. "ಮಸಾಲೆ ಲಾಯ್ಕಿತ್ತು. ನಾನು ಎರಡು ಸಲ ಹಾಕಿಸಿಕೊಂಡಿದ್ದೇನೆ."

ಕೊಕ್ಕೆ ಬಿಡಲಿಲ್ಲ. ಬಟ್ಟೆ ಕತ್ತರಿಸಲು ಬೀಗರಿಬ್ಬರೂ ಒಪ್ಪಲಿಲ್ಲ, ಕಪ್ಪೆ ಕತ್ತರಿಸಲು ನನ್ನ ಗಂಡ ಒಪ್ಪಲಿಲ್ಲ. ಮಾವ ಕಾರಿನಲ್ಲಿ ಒಂದು ಮಗ್ಗುಲಿಗೆ ಕೂತು, ಹಿಂದೆ ಹಸಿರು ಕಪ್ಪೆ ನೇತಾಡಿಸಿಕೊಂಡೇ ಮನೆಗೆ ಬಂದರು. ಮರುದಿನ ಇಬ್ಬರೂ ಅಕ್ಕಪಕ್ಕ ಕೂತು, ಮಗುವಿಗೆ ಒಂದೊಂದು ತುತ್ತಿಟ್ಟು, ಪಂಥ ಕಟ್ಟಿದವರಂತೆ ಪಾಯಸ ಹಾಕಿಸಿಕೊಂಡರು. ನನಗೆ ಪಾತ್ರೆಯ ತಳ ಸಿಕ್ಕಿತು.

ಗಂಡ ದುಬಾಯಿಗೆ ಮರಳಿದರೂ ಪೆಟ್ಟಿಗೆ ಇಲ್ಲೇ ಉಳಿಯಿತು. ಅಂದಿನಿಂದ ಬೇಸಗೆಯ ಭಾನುವಾರಗಳಲ್ಲಿ ಇಬ್ಬರೂ ಅಣೆಕಟ್ಟಿನ ದಡದಲ್ಲಿ ಕೂತು ಹಸಿರೋ ಕಂದೋ ಎಂದು ಊರಿಗೆ ಕೇಳುವಂತೆ ವಾದಿಸುತ್ತಾರೆ. ಮರ್ಯಾದೆ ಪೂರ್ತಿ ಹೋಗಿದೆ. ವರಾಲುಗಳ ಸಂಖ್ಯೆಗೆ ಯಾವ ಧಕ್ಕೆಯೂ ಆಗಿಲ್ಲ.

ಇವತ್ತು ಅಪ್ಪ ಬರಲಿಲ್ಲ, ಶೀತ, ಮೈಬಿಸಿ. ಹಾಗಾಗಿ ಮಾವನ ಜೊತೆ ನಾನು ಹೋದೆ. ನೀರು ಕನ್ನಡಿಯ ಹಾಗಿತ್ತು, ಗಾಳಿಯಿಲ್ಲ, ಎಲೆಗಳ ಅಂಚಿನಲ್ಲಿ ವರಾಲು ಬಂದು ಉಸಿರು ಬಿಡುವುದೂ ಕಾಣುತ್ತಿತ್ತು. ಮಾವ ಪೆಟ್ಟಿಗೆ ತೆರೆದು ಕಂದು ಕಪ್ಪೆ ತೆಗೆದರು, ನೋಡಿದರು, ಹಿಂದಕ್ಕಿಟ್ಟರು. ಎಂತ ಮಾವ ಎಂದೆ.

"ಬೇಡ ಅನ್ನಲಿಕ್ಕೆ ಜನ ಇಲ್ಲದೆ ಹಾಕುವುದು ಹೇಗೆ, ಮಾರಾಯ್ತಿ?"

ಗಾಳ ಬೀಸದೆಯೇ ಗಂಟುಮೂಟೆ ಕಟ್ಟಿ ಉಪ್ಪಳಕ್ಕೆ ಹೋದೆವು. ಅಪ್ಪ ಕಂಬಳಿ ಹೊದ್ದು, ಬಿಸಿನೀರಿನ ಪಾತ್ರೆಯ ಮೇಲೆ ಬಗ್ಗಿ ಹಬೆ ತೆಗೆದುಕೊಳ್ಳುತ್ತಿದ್ದರು. ನೀರು ಹೇಗಿತ್ತು, ಯಾವುದು ಹಾಕಿದಿರಿ ಎಂದು ಕಂಬಳಿ ಕೇಳಿತು. ಮಾವ ಸ್ಟೂಲು ಎಳೆದು ಪಕ್ಕದಲ್ಲೇ ಕೂತು, ಕಂದು ಹಾಕಿದ್ದಾಗಿಯೂ, ತೋಳುದ್ದದ ವರಾಲು ಹಾರಿ ಹಿಡಿದದ್ದಾಗಿಯೂ, ದಡದ ಹತ್ತಿರ ದಾರ ತುಂಡಾದದ್ದಾಗಿಯೂ ವಿವರಿಸತೊಡಗಿದರು. ಕಂಬಳಿ ಒಮ್ಮೆ ಸೀನಿತು. ಆಮೇಲೆ ನನ್ನ ಕಡೆ ತಿರುಗಿತು.

"ಕಂದು ಬಣ್ಣಕ್ಕಾ? ನೀನು ಹೇಳು ಮಗಾ."

ಮಾವ ಸೂರು ನೋಡಿದರು.

"ಹೌದಪ್ಪ, ನಾನೇ ನೋಡಿದೆ" ಎಂದು, ಕಂಬಳಿಯೊಳಗಿನವರಿಗೆ ಕಾಣುವುದಿಲ್ಲವೆಂದು ಗೊತ್ತಿದ್ದೂ, ಎರಡೂ ಕೈ ಅಗಲಿಸಿ ತೋರಿಸಿದೆ. ಅಗಲ ತುಸು ಹೆಚ್ಚೇ ಆಯಿತೆಂದು ಮಾವನ ಮುಖ ನೋಡಿ ಗೊತ್ತಾಯಿತು.