ಅವರ ಪಾಲಿನ ಮೀನು

ಊರಲ್ಲಿ ಹದಿಮೂರನೆಯ ದಿನದ ಕಾರ್ಯ ಮುಗಿಸಿ ಗಲ್ಫಿನ ಅಲ್ ನಹ್ದಾದ ಮನೆಗೆ ವಾಪಸು ಬಂದವಳು ಮೊದಲು ತೆರೆದದ್ದು ಫ್ರಿಜ್ಜನ್ನು. ಅಷ್ಟು ದಿನ ಬೀಗ ಹಾಕಿದ್ದ ಮನೆ. ಹಾಲು ಹುಳಿತಿರುತ್ತದೆ, ತರಕಾರಿ ಕೊಳೆತಿರುತ್ತದೆ, ಎಲ್ಲ ತೆಗೆದು ಎಸೆಯೋಣ ಎಂದುಕೊಂಡಿದ್ದೆ. ಮೇಲಿನ ಫ್ರೀಜರ್‌ನಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಚೀಲವಿತ್ತು. ನನ್ನ ಗಂಡ ತೀರಿಕೊಂಡ ದಿನ ಸಂಜೆ ಕೆಳಗಿನ ಮನೆಯವರ ಹೆಂಡತಿ ಅದನ್ನು ತಂದು ಇಟ್ಟಿದ್ದಳು.

"ಅಣ್ಣನ ಪಾಲಂತೆ ಅಕ್ಕ. ಇವರು ಕೊಡ್ಲಿಕ್ಕೆ ಹೇಳಿದ್ರು," ಎಂದಿದ್ದಳು. ಮನೆ ತುಂಬ ಜನ ಇದ್ದರು. ಆ ಮಾತು ನನ್ನ ಕಿವಿಗೆ ಬಿದ್ದರೂ ಒಳಗೆ ಇಳಿದಿರಲಿಲ್ಲ.

ಚೀಲ ಬಿಚ್ಚಿದೆ. ಹೊಟ್ಟೆ ತೆಗೆದು ತೊಳೆದ ಮೂರು ಇಡೀ ಟ್ರೌಟ್ ಮೀನು. ಜೊತೆಗೆ ಒಂದು ಬಾಲದ ತುಂಡು, ನೇರವಾಗಿ, ಚೊಕ್ಕವಾಗಿ ಕತ್ತರಿಸಿದ್ದು.

ಆ ತುಂಡನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಬೆರಳು ಮರಗಟ್ಟಿತ್ತು. ತೀರಿಕೊಂಡ ದಿನ ನನ್ನ ಗಂಡ ಕೆಳಗಿನ ಮನೆಯವರ ಮತ್ತು ಇನ್ನೊಬ್ಬ ಗೆಳೆಯರ ಜೊತೆ ಮೀನು ಹಿಡಿಯಲು ಹೋಗಿದ್ದರು. ಮೂರು ಜನ ಹೋದರೆ, ಹತ್ತು ಮೀನು ಸಿಕ್ಕಿದರೆ, ತಲೆಗೆ ಮೂರು. ಉಳಿದ ಒಂದನ್ನು ಮೂರು ತುಂಡು ಮಾಡಬೇಕು. ತಲೆ, ನಡು, ಬಾಲ. ಅದನ್ನು ಸಮ ಕತ್ತರಿಸಲು ಹಲಗೆ ಬೇಕು, ಚೂರಿ ಬೇಕು, ಪುರುಸೊತ್ತು ಬೇಕು. "ಎದೆ ನೋವು ಅಂದ ಕೂಡ್ಲೆ ಗಾಡಿ ತೆಗೆದು ಆಸ್ಪತ್ರೆಗೆ ಓಡಿದ್ದು ಅತ್ತಿಗೆ," ಎಂದು ಕೆಳಗಿನ ಮನೆಯವರು ನನ್ನ ಮುಂದೆ ಅತ್ತಿದ್ದರು. ಓಡುವವರು ಬಾಲ ಕತ್ತರಿಸುತ್ತಾ ಕೂರುವುದಿಲ್ಲ.

ನನ್ನ ಗಂಡ ರಾಸ್ ಅಲ್ ಖೋರ್‌ನ ಒಂದು ಗ್ಯಾರೇಜಿನಲ್ಲಿ ಕಾರಿನ ಏಸಿ ರಿಪೇರಿ ಮಾಡುತ್ತಿದ್ದರು. ಕೆಳಗಿನ ಮನೆಯವರು ಅದೇ ಗ್ಯಾರೇಜಿನ ಇಲೆಕ್ಟ್ರಿಶಿಯನ್. ಇಬ್ಬರೂ ಮಲ್ಪೆ ಕಡೆಯವರು, ಒಂದೇ ಶಾಲೆಯಲ್ಲಿ ಓದಿದವರು. ಮೂರನೆಯವರು ಒಂದು ಹೋಟೆಲಿನ ಅಡುಗೆಯವರು, ಕುಂದಾಪುರದ ಕಡೆಯವರು, ಇವರಿಬ್ಬರಿಗಿಂತ ಚಿಕ್ಕವರು. ಚಳಿಗಾಲದ ಆದಿತ್ಯವಾರಗಳಲ್ಲಿ ಮೂವರೂ ಕೆಳಗಿನ ಮನೆಯವರ ಗಾಡಿಯಲ್ಲಿ ಹತ್ತಾ ಎಂಬ ಊರಿನ ರಸ್ತೆ ಹಿಡಿದು ಗುಡ್ಡದ ನಡುವಿನ ಒಂದು ಸಣ್ಣ ಜಲಾಶಯಕ್ಕೆ ಹೋಗುತ್ತಿದ್ದರು. ಯಾರದೋ ತೋಟದ ಮೇಲುಗಡೆ, ಒಣ ಹಳ್ಳದ ಬಾಯಿಗೆ ಕಾಂಕ್ರೀಟಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದಾರೆ. ಜನವರಿಯಿಂದ ಮಾರ್ಚ್‌ವರೆಗೆ ಆ ನೀರು ತಣ್ಣಗಿರುತ್ತದೆ. ಆ ಮೂರು ತಿಂಗಳು ಎಲ್ಲೋ ತಣ್ಣೀರಿನ ತೊಟ್ಟಿಯಲ್ಲಿ ಸಾಕಿದ ಟ್ರೌಟನ್ನು ಟ್ಯಾಂಕರಿನಲ್ಲಿ ತಂದು ಬಿಡುತ್ತಾರೆ. ಹಣ ಕೊಟ್ಟವರು ಹಿಡಿಯಬಹುದು. ಹಿಡಿಯದೆ ಉಳಿದವು ಏಪ್ರಿಲ್ ಬಿಸಿಲಿಗೆ ಹೇಗೂ ಸಾಯುತ್ತವೆ.

"ಸಮುದ್ರದ ಮೀನಿನ ಎದುರು ಇದೆಂತ ಮೀನು, ಕಾಳು ತಿಂದು ಬೆಳೆದ ಕೋಳಿಯ ಹಾಗೆ," ಎಂದು ನಾನು ಹೇಳಿದರೆ ನನ್ನ ಗಂಡ ನಗುತ್ತಿದ್ದರು. "ತಿನ್ಲಿಕ್ಕೆ ಯಾರು ಹೋಗ್ತಾರೆ ಮಾರಾಯ್ತಿ? ನೀರಿನ ಹತ್ರ ಕೂರ್ಲಿಕ್ಕೆ ಹೋಗುದು."

ಆದರೆ ಪಾಲು ಹಾಕುವುದರಲ್ಲಿ ಮಾತ್ರ ಅವರು ಬಿಗಿ. ಊರಲ್ಲಿ ಕೈರಂಪಣಿ ಬಲೆ ಎಳೆದವರು ದಡದ ಮರಳ ಮೇಲೆ ಹೇಗೆ ಮಾಡುತ್ತಾರೋ ಇಲ್ಲಿಯೂ ಹಾಗೆಯೇ. ಯಾರ ಗಾಳಕ್ಕೆ ಎಷ್ಟು ಬಿತ್ತು ಎಂಬುದು ಲೆಕ್ಕವಲ್ಲ. ಎಲ್ಲ ಮೀನನ್ನೂ ಒಟ್ಟಿಗೆ ಸುರಿದು ಸಮ ಗುಡ್ಡೆ ಮಾಡಬೇಕು. ಒಬ್ಬರು ಬೆನ್ನು ತಿರುಗಿಸಿ ನಿಲ್ಲಬೇಕು. ಇನ್ನೊಬ್ಬರು ಒಂದು ಗುಡ್ಡೆಯ ಮೇಲೆ ಕೈಯಿಟ್ಟು "ಇದು ಯಾರಿಗೆ?" ಎಂದು ಕೇಳಬೇಕು. ತಿರುಗಿ ನಿಂತವರು ಹೆಸರು ಹೇಳಬೇಕು. ಕೊನೆಯ ಗುಡ್ಡೆಗೆ ಹೆಸರು ಹೇಳುವವರೆಗೆ ಹಿಂದೆ ನೋಡಬಾರದು. ಒಬ್ಬರ ಪಾಲನ್ನು ಇನ್ನೊಂದು ಮನೆಯಲ್ಲಿ ಬೇಯಿಸಬಾರದು. ಅದಕ್ಕೇ ಆ ಚೀಲ ನನ್ನ ಮನೆಗೆ ಬಂದದ್ದು. ಬಚ್ಚಿಡಬೇಕಾದ ಸಂಗತಿಯನ್ನು ಕೆಳಗಿನ ಮನೆಯವರು ತಾವೇ ತೊಳೆದು ಕಟ್ಟಿ ಕಳಿಸಿದ್ದರು. ಎಸೆಯಬಹುದಿತ್ತು. ಸತ್ತವನ ಪಾಲನ್ನು ಎಸೆಯಲು ಕೈ ಬರಲಿಲ್ಲ.

ಮರುದಿನ ಅಡುಗೆಯವರಿಗೆ ಫೋನ್ ಮಾಡಿದೆ. ಊರಿನ ಮಾತು ಆಡಿ, ಕೊನೆಗೆ ಕೇಳಿದೆ.

"ಅವತ್ತಿನ ಮೀನು ಎಲ್ಲಿ ಪಾಲು ಹಾಕಿದ್ದು?"

"ಕಟ್ಟೆ ಮೇಲೇ ಅತ್ತಿಗೆ, ಯಾವಾಗ್ಲೂ ಹಾಕುವಲ್ಲಿ." ಹೇಳಿ ಮುಗಿಸಿದ ಮೇಲೆ ನಾನು ಕೇಳಿದ್ದು ಯಾಕೆಂದು ಅವರಿಗೆ ಹೊಳೆಯಿತು.

"ಅವರು ಆಗ ಎಲ್ಲಿದ್ರು?"

"ಗಾಡಿಯಲ್ಲಿ ಮಲಗಿದ್ರು. ನಿದ್ದೆ ಅಂತ ಗ್ರೇಶಿದ್ದು ಅತ್ತಿಗೆ, ದೇವರಾಣೆ. ನಾನು ಆಚೆ ದಂಡೆಯಲ್ಲಿದ್ದೆ. ಪಾಲು ಹಾಕಿ ಆದ ಮೇಲೆ ಎಬ್ಬಿಸ್ಲಿಕ್ಕೆ ಹೋದದ್ದು."

"ಮಲಗುವ ಮೊದಲು ಎಂತ ಹೇಳಿದ್ರು?"

"ನನ್ನ ಹತ್ರ ಮಾತಾಡ್ಲಿಲ್ಲ. ಅವನಿಗೆ ಗೊತ್ತುಂಟು."

ಅವನು ಎಂದರೆ ಕೆಳಗಿನ ಮನೆಯವರು. ನನ್ನ ಗಂಡ ಕೊನೆಗೆ ಆಡಿದ ಮಾತು ಅವರೊಬ್ಬರ ಹತ್ತಿರ ಇತ್ತು. ಅದನ್ನು ಇಟ್ಟುಕೊಂಡು ಅವರು ದಿನಾ ಬೆಳಿಗ್ಗೆ ಲಿಫ್ಟಿನಲ್ಲಿ "ಊಟ ಮಾಡ್ತಾ ಇದ್ದೀರಲ್ಲ ಅತ್ತಿಗೆ?" ಎಂದು ಕೇಳುತ್ತಿದ್ದರು.

ಆ ಮೀನನ್ನು ನಾನು ಎಸೆಯಲಿಲ್ಲ. ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆಹುಳಿ ಹಾಕಿ ತೆಂಗಿನಕಾಯಿ ರುಬ್ಬಿ ಸಾರು ಮಾಡಿದೆ. ಎರಡು ದಿನ ಒಬ್ಬಳೇ ಕುಳಿತು ಅಷ್ಟನ್ನೂ ಉಂಡೆ. ರುಚಿ ಇರಲಿಲ್ಲ. ಅವರ ಪಾಲು ಅದು, ಬೇರೆ ಯಾರೂ ತಿನ್ನುವಂತಿರಲಿಲ್ಲ.

ನಾನು ಆಸ್ಪತ್ರೆಯೊಂದರ ಬಟ್ಟೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಹಾಸಿಗೆಯ ಹೊದಿಕೆ, ರೋಗಿಗಳ ಗೌನು, ಪರದೆ, ಇವು ನನ್ನ ಲೋಕ. ಓದಿದ್ದು ಎಸ್ಸೆಸ್ಸೆಲ್ಸಿ. ಆದರೂ ಆಸ್ಪತ್ರೆಯ ಗೋಡೆಯೊಳಗೆ ಇದ್ದರೆ ಕೆಲವು ಸಂಗತಿ ಕಿವಿಗೆ ಬಿದ್ದೇ ಬೀಳುತ್ತವೆ. ಕಾರ್ಡಿಯಾಲಜಿಯ ಒಬ್ಬ ನರ್ಸ್, ಮಂಗಳೂರು ಕಡೆಯ ಕ್ರಿಶ್ಚಿಯನ್ ಬಾಯಮ್ಮ, ನನ್ನ ಜೊತೆ ಬಸ್ಸಿನಲ್ಲಿ ಬರುತ್ತಾರೆ. ಎದೆ ನೋವು ಶುರುವಾಗಿ ಒಂದು ಗಂಟೆಯೊಳಗೆ ಕರೆತಂದರೆ ಏನಾಗುತ್ತದೆ ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು. "ಬೇಡ ಬಿಡಿ, ಈಗ ಅದನ್ನೆಲ್ಲ ತಿಳ್ಕೊಂಡು ಎಂತ ಮಾಡ್ಲಿಕ್ಕುಂಟು?" ಎಂದರು. ಆ ಉತ್ತರವೇ ನನಗೆ ಸಾಕಾಯಿತು.

ಒಂದು ವರ್ಷ ನಾನು ಏನೂ ಹೇಳಲಿಲ್ಲ. ಸಿಟ್ಟು ಆರುತ್ತದೆ ಎಂದು ಜನ ಹೇಳುತ್ತಾರೆ. ನನ್ನದು ಆರಲಿಲ್ಲ, ನಾನು ಆರಲು ಬಿಡಲೂ ಇಲ್ಲ. ಕೆಳಗಿನ ಮನೆಗೆ ಹಬ್ಬದ ದಿನ ಪಾಯಸ ಕಳಿಸಿದೆ. ಅವರ ಹೆಂಡತಿಗೆ ಜ್ವರ ಬಂದಾಗ ಗಂಜಿ ಕೊಟ್ಟೆ. ಅವಳ ಮೇಲೆ ನನಗೆ ಏನೂ ಇರಲಿಲ್ಲ. ಆದರೆ ಗಂಜಿಯ ಪಾತ್ರೆ ಕೊಡುವಾಗ ಬಾಗಿಲಲ್ಲಿ ಅವರ ಚಪ್ಪಲಿ ಕಂಡರೆ, ಈ ಕಾಲು ಕಟ್ಟೆಯಿಂದ ಗಾಡಿಯವರೆಗೆ ನಾಲ್ಕು ಹೆಜ್ಜೆ ನಡೆಯಲಿಲ್ಲವಲ್ಲ ಎಂದೇ ಅನ್ನಿಸುತ್ತಿತ್ತು.

ಡಿಸೆಂಬರ್ ಕೊನೆಗೆ ಲಿಫ್ಟಿನಲ್ಲಿ ಕೆಳಗಿನ ಮನೆಯವರನ್ನು ಕೇಳಿದೆ. "ಅವರ ಗಾಳ ನಿಮ್ಮ ಹತ್ರ ಉಂಟಲ್ಲ?"

ಅವರು ಬೆಚ್ಚಿದರು. "ಉಂಟು ಅತ್ತಿಗೆ. ತಂದು ಕೊಡ್ಬೇಕು ಅಂತ ಇದ್ದೆ."

"ಈ ಸಲ ನಾನೂ ಬರ್ತೇನೆ. ಅವರು ಕೂರ್ತಿದ್ದ ಜಾಗ ನೋಡ್ಬೇಕು."

ಗಂಡನನ್ನು ಕಳಕೊಂಡವಳು ಹಾಗೆ ಕೇಳಿದರೆ ಯಾರು ಬೇಡ ಎನ್ನುತ್ತಾರೆ? ಗಾಳ ಬಂತು. ದಾರ ಸುತ್ತುವ ಗಾಲಿಗೆ ಎಣ್ಣೆ ಬಿಟ್ಟಿದ್ದರು. ನಮ್ಮ ಕಟ್ಟಡದ ಹಿಂದಿನ ಖಾಲಿ ಮರಳಿನ ಸೈಟಿನಲ್ಲಿ, ದಾರದ ತುದಿಗೆ ಒಂದು ಕಬ್ಬಿಣದ ನಟ್ಟು ಕಟ್ಟಿ, ಬೆಳಿಗ್ಗೆ ಡ್ಯೂಟಿಗೆ ಹೋಗುವ ಮೊದಲು ಎಸೆಯುವುದನ್ನು ಕಲಿತೆ. ಮೀನು ಮಾರುವವಳ ಮಗಳು ನಾನು. ಮೀನು ಕೊಯ್ಯಲು ಗೊತ್ತು, ಹಿಡಿಯಲು ಗೊತ್ತಿರಲಿಲ್ಲ. ಶಾಲೆಯ ಬಸ್ಸಿಗೆ ಕಾಯುತ್ತಿದ್ದ ಎದುರು ಮನೆಯ ಹುಡುಗಿ "ಆಂಟಿ, ದೇರ್ ಈಸ್ ನೋ ವಾಟರ್," ಎಂದಳು. "ಗೊತ್ತುಂಟು ಪುಟ್ಟ," ಎಂದೆ.

ಜನವರಿಯ ಎರಡನೆಯ ಆದಿತ್ಯವಾರ ಹೋದೆವು. ಗಾಡಿಯಲ್ಲಿ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಅದೇ ಸೀಟು. ಹಿಂದಕ್ಕೆ ಒರಗಿಸುವ ಹಿಡಿ ಕೈಗೆ ತಾಗಿತು. ದಾರಿಯುದ್ದಕ್ಕೂ ಅದನ್ನು ಹಿಡಿದುಕೊಂಡೇ ಇದ್ದೆ.

ಜಲಾಶಯದ ಸುತ್ತ ಒಂದು ಮರವಿಲ್ಲ. ಕಂದು ಬಣ್ಣದ ಕಲ್ಲುಗುಡ್ಡ, ನಡುವೆ ಹಸಿರು ನೀರು. ನೀರಿಗೆ ಗಾಳಿ ಊದುವ ಯಂತ್ರ ಒಂದು ಮೂಲೆಯಲ್ಲಿ ತಿರುಗುತ್ತಿತ್ತು. ಒಂಬತ್ತು ಗಂಟೆಗೆ ಟ್ಯಾಂಕರ್ ಬಂತು. ಕಾವಲಿನ ಪಠಾಣ್ ಮುದುಕರು ಪೈಪು ಹಿಡಿದು ನಿಂತರು, ಮೀನುಗಳು ನೀರಿನ ಜೊತೆ ಜಾರಿ ಬಿದ್ದವು. ಬಿದ್ದ ಮೀನು ಸ್ವಲ್ಪ ಹೊತ್ತು ಕಟ್ಟೆಯ ಬುಡದಲ್ಲೇ ಗುಂಪಾಗಿ ನಿಂತವು, ಎಲ್ಲಿಗೆ ಹೋಗಬೇಕೆಂದು ತಿಳಿಯದ ಹಾಗೆ. ಆಮೇಲೆ ಕಚ್ಚಲು ಶುರು ಮಾಡಿದವು. ಅಡುಗೆಯವರು ಎರಡು ಎಳೆದರು. ಕೆಳಗಿನ ಮನೆಯವರು ನಾಲ್ಕು. ಅವರಿಗೆ ಸಂತೋಷವಾಗಿತ್ತು, ನನಗೆ ಅದು ಕಾಣುತ್ತಿತ್ತು. "ಎಳೀರಿ ಅತ್ತಿಗೆ, ಬಿಡ್ಬೇಡಿ, ಅದು ತಪ್ಪಿಸ್ಲಿಕ್ಕೆ ನೋಡ್ತಾ ಉಂಟು," ಎಂದು ನನ್ನ ಪಕ್ಕ ಓಡಿ ಬಂದರು. ನನಗೂ ಎರಡು ಬಿತ್ತು. ಆ ಹೊತ್ತು ಎಂಥದು ಎಂದು ನನಗೆ ತಿಳಿಯಿತು. ಮೀನು ಕಚ್ಚುವಾಗ ಲೋಕದಲ್ಲಿ ಬೇರೇನೂ ಇರುವುದಿಲ್ಲ. ಅದು ತಿಳಿದ ಮೇಲೆ ಅವರ ಮೇಲೆ ಕನಿಕರ ಬರಬೇಕಿತ್ತು. ಬರಲಿಲ್ಲ. ಇಷ್ಟಕ್ಕೋಸ್ಕರವೇ ಎಂದು ಇನ್ನಷ್ಟು ಉರಿಯಿತು.

ಹನ್ನೆರಡು ಗಂಟೆಗೆ ಪಾಲು. ಮೊದಲೆಲ್ಲ ಬೆನ್ನು ತಿರುಗಿಸುತ್ತಿದ್ದವರು ನನ್ನ ಗಂಡ. ಈಗ ಕೆಳಗಿನ ಮನೆಯವರು ತಾವಾಗಿಯೇ ಗುಡ್ಡದ ಕಡೆ ಮುಖ ಮಾಡಿ ನಿಂತರು. ಎಂಟು ಮೀನು. ಅಡುಗೆಯವರು ಚೂರಿ ಹುಡುಕುತ್ತಿದ್ದರು. ನಾನು "ಬೇಡ" ಎಂದು ಕೈಸನ್ನೆ ಮಾಡಿ, ಎರಡೆರಡರಂತೆ ನಾಲ್ಕು ಗುಡ್ಡೆ ಮಾಡಿದೆ. ಅಡುಗೆಯವರು ನೋಡಿ, ಹುಡುಕುವುದನ್ನು ಬಿಟ್ಟರು.

"ಇದು ಯಾರಿಗೆ?" ಎಂದೆ. ನನ್ನ ಹೆಸರು ಹೇಳಿದರು.

"ಇದು ಯಾರಿಗೆ?" ಅಡುಗೆಯವರ ಹೆಸರು ಹೇಳಿದರು.

"ಇದು?"

"ನನಗೆ. ಆಯ್ತಲ್ಲ ಅತ್ತಿಗೆ?"

"ಇನ್ನೊಂದುಂಟು. ಇದು ಯಾರಿಗೆ?"

ಅವರು ತಿರುಗಲು ಹೊರಟರು. "ಹಿಂದೆ ನೋಡ್ಬಾರ್ದು, ಕ್ರಮ ಗೊತ್ತಿಲ್ವ ನಿಮಗೆ?" ಎಂದೆ. ನಿಂತರು. ಅವರ ಕುತ್ತಿಗೆಯ ಹಿಂಭಾಗ ಬೆವರಿತ್ತು. ಕೊನೆಗೆ ನನ್ನ ಗಂಡನ ಹೆಸರು ಹೇಳಿದರು.

"ಹೋದ ವರ್ಷವೂ ಹೀಗೇ ಹೇಳಿದ್ರಲ್ಲ. ಆಗ ಅವರು ಗಾಡಿಯಲ್ಲಿ ಎಷ್ಟು ಹೊತ್ತಿಂದ ಇದ್ರು?"

"ಒಂಬತ್ತೂವರೆಯಿಂದ."

"ಮಲಗ್ಲಿಕ್ಕೆ ಹೋಗುವಾಗ ನಿಮ್ಮ ಹತ್ರ ಎಂತ ಹೇಳಿದ್ರು?"

"ಅತ್ತಿಗೆ, ಈಗ ಅದೆಲ್ಲ..."

"ಹೇಳಿ. ತಿರುಗಬೇಡಿ."

ಅವರು ಗುಡ್ಡಕ್ಕೆ ಹೇಳಿದರು. ದನಿ ಸಣ್ಣದಾಗಿತ್ತು. "ಎದೆ ಹಿಡಿದ ಹಾಗೆ ಆಗ್ತದೆ, ಹೋಗುವನಾ ಅಂತ ಕೇಳಿದ. ಗ್ಯಾಸ್ ಮಾರಾಯ, ಟ್ಯಾಂಕರ್ ಈಗ ಬಂದದ್ದಷ್ಟೆ, ಸ್ವಲ್ಪ ಮಲಗು ಅಂದೆ. ಇನ್ನೊಂದು ಸಲ ಕೇಳಿದ. ಅರ್ಧ ಗಂಟೆ ಅಂದೆ. ಆಯ್ತು, ನೀನು ಹಿಡಿ ಅಂತ ಹೇಳಿ ಅವನ ಗಾಳ ನನ್ನ ಕೈಗೆ ಕೊಟ್ಟು ಹೋದ."

"ಅದ್ರಲ್ಲಿ ಮೀನು ಬಿತ್ತಾ?"

"ಬಿತ್ತು."

ಅಡುಗೆಯವರು ಕಲ್ಲಿನ ಮೇಲೆ ಕುಳಿತು ಅಳತೊಡಗಿದರು. ನನಗೆ ಅಳು ಬರಲಿಲ್ಲ. ಕೆಳಗಿನ ಮನೆಯವರಿಗೂ ನೀರಿಗೂ ನಡುವೆ ಎರಡು ಹೆಜ್ಜೆ ಇತ್ತು. ಮಲ್ಪೆಯವರಿಗೆ ಈಜು ಬರುತ್ತದೆ, ನೂಕಿ ಪ್ರಯೋಜನವಿಲ್ಲ, ಎಂಬುದೂ ಆ ಕ್ಷಣ ನೆನಪಾಯಿತು. ಆಯ್ತು, ನೀನು ಹಿಡಿ. ನನ್ನ ಗಂಡನ ಕೊನೆಯ ಮಾತು ಅದು. ಎಂದೂ ಯಾರ ಹತ್ತಿರವೂ ಜಗಳ ಮಾಡದ ಮನುಷ್ಯ, ಆವತ್ತೂ ಮಾಡಲಿಲ್ಲ. ಅವರು ಮಾಡದ ಜಗಳವನ್ನು ನಾನು ಮಾಡುತ್ತಿದ್ದೆ.

ವಾಪಸು ಬಂದೆವು. ನಮ್ಮ ಕಟ್ಟಡದ ಕೆಳಗೆ ಗಾಡಿ ನಿಲ್ಲಿಸಿ, ಸ್ಟೇರಿಂಗ್ ಬಿಡದೆ ಕೆಳಗಿನ ಮನೆಯವರು ಹೇಳಿದರು. "ತಪ್ಪಾಯ್ತು ಅತ್ತಿಗೆ. ಕ್ಷಮೆ ಕೇಳ್ಲಿಕ್ಕೆ ಮುಖ ಇಲ್ಲ ನನಗೆ."

"ಮುಂದಿನ ಆದಿತ್ಯವಾರ ಎಷ್ಟು ಗಂಟೆಗೆ ಹೊರಡುದು?" ಎಂದೆ.

ಅವರು ಬೇಡ ಎನ್ನಲಾರದೆ ಹೋದರು. ಮುಂದಿನ ವಾರ ನಾನು ಅವರ ಪಕ್ಕದಲ್ಲೇ ನಿಂತು ಗಾಳ ಎಸೆದೆ. ಏನೂ ಕೇಳಲಿಲ್ಲ. ಮೀನು ಕಚ್ಚಿದಾಗ "ಎಳೀರಿ" ಎಂದೆ. ಅವರು ಎಳೆಯಲಿಲ್ಲ, ದಾರ ಸಡಿಲವಾಯಿತು. ಅದರ ಮುಂದಿನ ವಾರವೂ ಹೋದೆ. ಆಮೇಲೆ ಅವರಿಗೆ ಆದಿತ್ಯವಾರ ಓವರ್‌ಟೈಮ್ ಎಂದಾಯಿತು. ಗ್ಯಾರೇಜು ಆದಿತ್ಯವಾರ ಮುಚ್ಚಿರುತ್ತದೆ ಎಂಬುದು ನನಗೆ ಗೊತ್ತು. ಅವರು ಎಲ್ಲೂ ಹೋಗುತ್ತಿರಲಿಲ್ಲ, ಬೆಳಿಗ್ಗೆಯಿಂದ ಪಾರ್ಕಿಂಗಿನಲ್ಲಿ ಗಾಡಿಯೊಳಗೆ ಕೂತಿರುತ್ತಿದ್ದರು. ನನ್ನ ಬಾಲ್ಕನಿಯಿಂದ ಕಾಣುತ್ತಿತ್ತು. ಅದನ್ನು ನೋಡಿ ನನಗೆ ಸಮಾಧಾನವಾಯಿತು ಎಂದರೆ ಸುಳ್ಳು. ಬೇಸರವಾಯಿತು ಎಂದರೂ ಸುಳ್ಳು.

ಮಾರ್ಚ್ ಮೊದಲ ವಾರ ಅವರ ಹೆಂಡತಿ ಮೇಲೆ ಬಂದಳು. ಕೂರಲಿಲ್ಲ.

"ಅಕ್ಕ, ಇವರಿಗೆ ಎಂತ ಆಗಿದೆ? ಮೀನಿಗೆ ಹೋಗುದಿಲ್ಲ, ಊಟ ಸರಿ ಮಾಡುದಿಲ್ಲ. ಗಾಳ ಎಲ್ಲ ಯಾರಿಗೋ ಕೊಟ್ರು. ನಾನು ಕೇಳಿದ್ರೆ, ನಿನ್ನ ಅಕ್ಕನ ಹತ್ರ ಕೇಳು ಅಂತಾರೆ. ನೀವೆಂತ ಹೇಳಿದ್ದು ಅವರಿಗೆ?"

ಅವಳ ಮುಖ ನೋಡಿದೆ. ನನಗಿಂತ ಹತ್ತು ವರ್ಷ ಚಿಕ್ಕವಳು, ನನಗೆ ಏನೂ ಕೆಟ್ಟದ್ದು ಮಾಡದವಳು. ನಾನು ಹೇಳಿಬಿಟ್ಟರೆ ಅವಳ ಗಂಡನಿಗೆ ಹಗುರವಾಗುತ್ತಿತ್ತು. ಅದಕ್ಕೇ ನನ್ನ ಹತ್ತಿರ ಕಳಿಸಿದ್ದರು. ಹೇಳುವ ಕೆಲಸವನ್ನೂ ನನ್ನ ಹೆಗಲಿಗೆ ದಾಟಿಸಲು ನೋಡಿದ್ದರು.

"ನಾನು ಏನೂ ಹೇಳಿಲ್ಲ. ಅವರೇ ನನಗೆ ಹೇಳಿದ್ದು," ಎಂದೆ. "ನಿನಗೂ ಅವರೇ ಹೇಳ್ಲಿ. ನನ್ನಿಂದ ಕೇಳ್ಬೇಡ."

ಅವಳು ಮೆಟ್ಟಿಲಿಳಿದು ಹೋದಳು, ಲಿಫ್ಟಿಗೆ ಕಾಯಲಿಲ್ಲ. ನಾನು ಬಾಗಿಲು ಮುಚ್ಚದೆ ಅಲ್ಲೇ ನಿಂತೆ. ಕೆಳಗೆ ಅವರ ಮನೆಯ ಬಾಗಿಲು ತೆರೆದುಕೊಂಡಿತು. ಅವಳು ಕೇಳಿದಳು. ಇನ್ನೊಂದು ಸಲ ಕೇಳಿದಳು. ಆಗ ಅವರ ದನಿ ಶುರುವಾಯಿತು, ಗುಡ್ಡದ ಕಡೆ ಮುಖ ಮಾಡಿ ಮಾತಾಡಿದ ಅದೇ ಸಣ್ಣ ದನಿ. ಪೂರ್ತಿ ಆಗುವವರೆಗೆ ನಾನು ಒಳಗೆ ಹೋಗಲಿಲ್ಲ.